ಬೇಕರಿಯವನ ಹದಿಮೂರು ಪದ್ಯ

ಜರ್ಮನ್ ಭಾಷೆಯಲ್ಲಿ ನನಗೆ ತುಂಬಾ ಇಷ್ಟವಾದ ಎರಡು ಪದಗಳಿವೆ. ಒಂದು 'ಫ್ಲ್ಯುಖ್ಟಿಖ್', ಇನ್ನೊಂದು 'ನಿಖ್ಟಿಖ್'. ಮೊದಲನೆಯದರ ಬೇರು ಓಡಿಹೋಗುವುದು ಅನ್ನೋ ಅರ್ಥದಲ್ಲಿದೆ. ಪೊಲೀಸರ ಕೈಗೆ ಸಿಗದೆ ತಲೆಮರೆಸಿಕೊಂಡವನ ಬಗ್ಗೆ ಬರೆಯುವಾಗ ಅಲ್ಲಿನ ಪತ್ರಿಕೆಗಳು ಇವತ್ತಿಗೂ ಇದೇ ಪದ ಬಳಸುತ್ತವೆ. ಲ್ಯಾಬಿನಲ್ಲಿ ಬಾಟಲಿ ಮುಚ್ಚಳ ತೆಗೆದಿಟ್ಟರೆ ಆವಿಯಾಗಿ ಮಾಯವಾಗುವ ದ್ರವಕ್ಕೂ ಇದೇ ವಿಶೇಷಣ. ಯುದ್ಧಕ್ಕೆ ಹೆದರಿ ಊರು ಬಿಟ್ಟು ಬಂದ ನಿರಾಶ್ರಿತನಿಗೆ ಅವರು ಹೇಳುವ ಪದವೂ ಇದೇ ಬೇರಿನಿಂದ ಬಂದದ್ದು. ಎರಡನೆಯ ಪದ 'ಇಲ್ಲ' ಅನ್ನೋದರಿಂದ ಹುಟ್ಟಿದ್ದು. ಅದು ವಕೀಲರಿಗೆ ಬಲು ಪ್ರಿಯ. ಒಂದು ಕರಾರು ಅನೂರ್ಜಿತ, ಅದಕ್ಕೆ ಕಾನೂನಿನ ಬೆಲೆಯೇ ಇಲ್ಲ ಅಂತ ಘೋಷಿಸಬೇಕಾದಾಗ ಈ ಪದ ಬರುತ್ತೆ.

ಈ ಎರಡನ್ನೂ ನಾನು ಕಲಿತದ್ದು ಕ್ಲಾಸಿನಲ್ಲಲ್ಲ, ಒಂದು ಹಾಡಿನಿಂದ. ಬಾಖ್‌ನ ಸಂಗೀತ ಕೇಳುವ ಚಟ ಹತ್ತಿದ ಮೇಲೆ ಅವನ 26ನೇ ನಂಬರಿನ ಕಂಟಾಟಾ ಒಂದು ದಿನ ಪ್ಲೇಲಿಸ್ಟಿನಲ್ಲಿ ತಾನಾಗೇ ಬಂತು. ಹೆಸರು 'ಆಖ್ ವೀ ಫ್ಲ್ಯುಖ್ಟಿಖ್, ಆಖ್ ವೀ ನಿಖ್ಟಿಖ್'. ಎಷ್ಟು ಕ್ಷಣಿಕ, ಎಷ್ಟು ಪೊಳ್ಳು ಅನ್ನೋ ಉದ್ಗಾರ ಅದು. ಬಾಖ್ ಸಂಗೀತ ಕೊಟ್ಟದ್ದೇನೋ ಸರಿ, ಮೂಲ ಹಾಡು ಯಾರದ್ದು ಅಂತ ಹುಡುಕಿದೆ. ಪಾದ್ರಿಯೋ ಪ್ರೊಫೆಸರೋ ಇರಬೇಕು ಅಂದುಕೊಂಡು ಹುಡುಕಿದರೆ ಸಿಕ್ಕಿದವನು ಬೇಕರಿಯವನು.

ಮಿಖಾಯೆಲ್ ಫ್ರಾಂಕ್ ಹುಟ್ಟಿದ್ದು 1609ರಲ್ಲಿ, ಜರ್ಮನಿಯ ನಟ್ಟನಡುವಿನ ತೂರಿಂಗಿಯಾ ಕಾಡಿನ ದಕ್ಷಿಣದ ಅಂಚಿನಲ್ಲಿರುವ ಶ್ಲಾಯ್ಸಿಂಗೆನ್ ಅನ್ನೋ ಪುಟ್ಟ ಊರಲ್ಲಿ. ಅಪ್ಪ ವ್ಯಾಪಾರಿ. ಮಗನನ್ನು ಓದಿಸುವ ಆಸೆ ಮನೆಯಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ಅದು ಆಗಲಿಲ್ಲ. ಅಣ್ಣ ಸೆಬಾಸ್ಟಿಯನ್, ತಮ್ಮ ಪೀಟರ್ ಇಬ್ಬರೂ ಪಾದ್ರಿಗಳಾದರು, ಅವರೂ ಹಾಡು ಬರೆದರು. ನಡುವಿನವನು ಮಾತ್ರ ಹಿಟ್ಟು ನಾದುವ ಕೆಲಸಕ್ಕೆ ಸೇರಿದ. ಮಧ್ಯಮವರ್ಗದ ದೊಡ್ಡ ಮನೆಗಳಲ್ಲಿ ಹೀಗೆ ಆಗೋದನ್ನು ನಾವೂ ನೋಡಿದ್ದೇವೆ. ಒಬ್ಬನ ಫೀಸಿಗೆ ದುಡ್ಡು ಇರುತ್ತೆ, ಇನ್ನೊಬ್ಬನ ಸರದಿ ಬರುವಷ್ಟರಲ್ಲಿ ಮುಗಿದಿರುತ್ತೆ.

ಬೇಕರಿ ಅಂದಕೂಡಲೆ ನಮ್ಮ ಅಯ್ಯಂಗಾರ್ ಬೇಕರಿಯ ಖಾರಾ ಬನ್ನು, ಹನಿ ಕೇಕು ಕಣ್ಣ ಮುಂದೆ ಬಂದರೆ ತಪ್ಪಲ್ಲ. ಆದರೆ ಅಲ್ಲಿ ಬ್ರೆಡ್ಡು ತಿಂಡಿಯಲ್ಲ, ಊಟ. ಬೇಕರಿ ನಡೆಸಬೇಕಾದರೆ ಕಸುಬಿನವರ ಸಂಘದಲ್ಲಿ ವರ್ಷಗಟ್ಟಲೆ ದುಡಿದು 'ಮಾಸ್ಟರ್' ಅನ್ನಿಸಿಕೊಳ್ಳಬೇಕು. ಫ್ರಾಂಕ್ 1628ರಲ್ಲಿ, 19ನೇ ವಯಸ್ಸಿನಲ್ಲಿ, ತನ್ನೂರಿನಲ್ಲೇ ಮಾಸ್ಟರ್ ಆದ. ಬ್ರೆಡ್ಡಿನ ಮೇಲೆ ಊರಾಡಳಿತದ ಕಣ್ಣು ಯಾವಾಗಲೂ ಇರುತ್ತಿತ್ತು. ಬಹಳ ಕಡೆ ಬೆಲೆ ಹಾಗೇ ಇಟ್ಟು, ಧಾನ್ಯದ ದರ ಏರಿದ ಹಾಗೆ ಬ್ರೆಡ್ಡಿನ ತೂಕ ಇಳಿಸುವ ಪದ್ಧತಿ. ನಮ್ಮ ಐದು ರೂಪಾಯಿ ಬಿಸ್ಕೆಟ್ ಪ್ಯಾಕೆಟ್ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಲ್ಲ, ಅದೇ ಲೆಕ್ಕ. ಬರ ಬಂದರೆ ಊರಿನವರ ಬೈಗುಳ ಮೊದಲು ಬೀಳೋದು ಬೇಕರಿಯವನ ಮೇಲೆ.

ಇದರ ನಡುವೆ ಯುದ್ಧ. 1618ರಲ್ಲಿ ಪ್ರಾಗ್‌ನಲ್ಲಿ ಶುರುವಾಗಿ 1648ರ ತನಕ ಎಳೆದದ್ದರಿಂದ ಅದಕ್ಕೆ ಮೂವತ್ತು ವರ್ಷಗಳ ಯುದ್ಧ ಅಂತಲೇ ಹೆಸರು. ಕ್ಯಾಥೊಲಿಕರು ಒಂದು ಕಡೆ, ಪ್ರಾಟೆಸ್ಟೆಂಟರು ಒಂದು ಕಡೆ ಅಂತ ಶಾಲೆಯ ಪುಸ್ತಕಗಳು ಹೇಳುತ್ತವೆ. ಆದರೆ ಕ್ಯಾಥೊಲಿಕ್ ಫ್ರಾನ್ಸ್ ಪ್ರಾಟೆಸ್ಟೆಂಟ್ ಸ್ವೀಡನ್‌ಗೆ ದುಡ್ಡು ಕೊಟ್ಟು ಕಾದಾಡಿಸಿದ ಯುದ್ಧ ಇದು. ಯಾರು ಯಾವ ಕಡೆ ಅನ್ನೋದು ಬೇಗ ಕಲಸಿಹೋಯಿತು. ಹಳ್ಳಿ ಪಟ್ಟಣದ ಜನಕ್ಕೆ ಅದರಿಂದ ವ್ಯತ್ಯಾಸವೂ ಆಗಲಿಲ್ಲ. ಯಾಕೆಂದರೆ ಸೈನಿಕರಿಗೆ ಸಂಬಳ ಸರಿಯಾಗಿ ಬರುತ್ತಿರಲಿಲ್ಲ, ಸೈನ್ಯ ಬೀಡುಬಿಟ್ಟ ಊರೇ ಅದನ್ನು ಸಾಕಬೇಕಿತ್ತು. ಮೊದಲು 'ಕಾಂಟ್ರಿಬ್ಯೂಷನ್' ಅನ್ನೋ ಮರ್ಯಾದೆಯ ಹೆಸರಲ್ಲಿ ವಸೂಲಿ, ಕೊಡಲು ಏನೂ ಉಳಿದಿಲ್ಲ ಅಂದಾಗ ಲೂಟಿ. ಹಸಿದ ಸೈನ್ಯ ಊರೊಳಗೆ ಬಂದರೆ ಮೊದಲು ಎಲ್ಲಿಗೆ ನುಗ್ಗುತ್ತೆ? ಹಿಟ್ಟಿನ ಮೂಟೆ ಇರುವ ಕಡೆ.

1634ರ ಸೆಪ್ಟೆಂಬರಿನಲ್ಲಿ ನ್ಯೋರ್ಡ್ಲಿಂಗೆನ್ ಹತ್ತಿರ ಸ್ವೀಡಿಷ್ ಸೈನ್ಯ ಸೋತಿತು. ಆಮೇಲೆ ಚಕ್ರವರ್ತಿಯ ಪಡೆಗಳು ಈ ಸೀಮೆಯ ಮೇಲೆ ಹರಿದುಬಂದವು. ಮರುತಿಂಗಳು ಇಜೊಲಾನಿಯ ಕ್ರೊವೇಷಿಯನ್ ಕುದುರೆ ಸವಾರರು ಸೂಲ್ ಪಟ್ಟಣವನ್ನು ಸುಟ್ಟು ಬೂದಿ ಮಾಡಿದರು. ಸೂಲ್ ಬಂದೂಕು ತಯಾರಿಗೆ ಹೆಸರಾದ ಊರು, ಯುದ್ಧದಿಂದಲೇ ದುಡ್ಡು ಮಾಡಿದ ಊರು. ಶ್ಲಾಯ್ಸಿಂಗೆನ್‌ನಿಂದ 12 ಕಿಲೋಮೀಟರ್ ಆಸುಪಾಸು. ಕೆಂಗೇರಿಯಲ್ಲಿ ನಿಂತು ಮೆಜೆಸ್ಟಿಕ್ ಉರಿಯೋದನ್ನು ನೋಡಿದ ಹಾಗೆ ಅಂದುಕೊಳ್ಳಿ.

ಯುದ್ಧದಲ್ಲಿ ಸತ್ತವರೆಷ್ಟು ಅನ್ನೋದರ ಬಗ್ಗೆ ಇತಿಹಾಸಕಾರರ ಲೆಕ್ಕ ಒಂದೇ ಇಲ್ಲ. ಒಟ್ಟು ಜರ್ಮನ್ ನಾಡುಗಳ ಜನಸಂಖ್ಯೆಯಲ್ಲಿ ಶೇಕಡಾ 15ರಿಂದ 35ರವರೆಗೆ ಕುಸಿತ ಅಂತ ಬೇರೆಬೇರೆಯವರು ಹೇಳುತ್ತಾರೆ. ತೂರಿಂಗಿಯಾದಂಥ ಕಡೆ ಅದಕ್ಕಿಂತ ಹೆಚ್ಚು. ಕತ್ತಿಗೆ ಸಿಕ್ಕಿ ಸತ್ತವರು ಕಡಿಮೆ. ಹಸಿವು, ಪ್ಲೇಗು, ಜ್ವರಕ್ಕೆ ಸತ್ತವರೇ ಜಾಸ್ತಿ.

ಫ್ರಾಂಕ್ ಬದುಕುಳಿದ. ಆದರೆ ಲೂಟಿಗಳ ಕೈಗೆ ಸಿಕ್ಕಿ ಅವನ ಬೇಕರಿಯೂ ಆಸ್ತಿಯೂ ಹೋದವು. 1640ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕೋಬುರ್ಗ್‌ಗೆ ಓಡಿಬಂದ. ಈ ಲೇಖನದ ಮೊದಲ ಪದವನ್ನು ನೆನಪಿಸಿಕೊಳ್ಳಿ. ಹಾಡು ಬರೆಯುವ ಹೊತ್ತಿಗೆ ಫ್ಲ್ಯುಖ್ಟಿಖ್ ಅಂದರೆ ಏನು ಅಂತ ಅವನ ಕಾಲಿಗೆ ಗೊತ್ತಿತ್ತು.

ಕೋಬುರ್ಗ್‌ನ ಬೆಟ್ಟದ ಮೇಲೊಂದು ದೊಡ್ಡ ಕೋಟೆಯಿದೆ. 1530ರಲ್ಲಿ ಮಾರ್ಟಿನ್ ಲೂಥರ್ ಸುಮಾರು ಆರು ತಿಂಗಳು ಅಲ್ಲಿ ಉಳಿದಿದ್ದ. 1632ರಲ್ಲಿ ಸೇನಾಪತಿ ವಾಲೆನ್‌ಸ್ಟೈನ್ ಅದಕ್ಕೆ ಮುತ್ತಿಗೆ ಹಾಕಿ ಗೆಲ್ಲಲಾಗದೆ ವಾಪಸ್ ಹೋಗಿದ್ದ. ಫ್ರಾಂಕ್ ಬಂದದ್ದು ಆ ಬೆಟ್ಟದ ಬುಡದ ಊರಿಗೆ. ನಾಲ್ಕು ವರ್ಷ ಕಳೆದ ಮೇಲೆ, 1644ರಲ್ಲಿ, ಊರಿನ ಶಾಲೆಯಲ್ಲಿ ಕೆಳಗಿನ ತರಗತಿಯ ಮೇಷ್ಟ್ರ ಕೆಲಸ ಸಿಕ್ಕಿತು. 35 ವರ್ಷದ ಮಾಜಿ ಬೇಕರಿ ಮಾಲೀಕ ಚಿಕ್ಕ ಮಕ್ಕಳ ಮುಂದೆ ಹೋಗಿ ನಿಂತ. ಓದು ತಪ್ಪಿಹೋದವನಿಗೆ ಕೊನೆಗೆ ಅನ್ನ ಕೊಟ್ಟದ್ದು ಶಾಲೆಯೇ ಅನ್ನೋದು ನನಗೆ ಈ ಕತೆಯಲ್ಲಿ ತುಂಬಾ ಹಿಡಿಸಿದ ಸಂಗತಿ. 1667ರಲ್ಲಿ ಸಾಯುವ ತನಕ ಅವನು ಆ ಊರು ಬಿಡಲಿಲ್ಲ.

1652ರಲ್ಲಿ ಕೋಬುರ್ಗ್‌ನಲ್ಲಿ ಅವನದೊಂದು ಪುಸ್ತಕ ಅಚ್ಚಾಯಿತು. ಲೋಕದ ಪೊಳ್ಳುತನ, ಮೋಸ, ಅಸ್ಥಿರತೆ ಅದರ ವಿಷಯ. ನಮ್ಮ ಹಾಡು ಬಂದದ್ದು ಅದರಲ್ಲಿ. ಮಾತು ಮಾತ್ರವಲ್ಲ, ರಾಗವೂ ಅವನದೇ. ಲೂಥರನ್ ಚರ್ಚಿನ ದೊಡ್ಡ ಬಲ ಇಂಥ ಹಾಡುಗಳು. ಗಾಯಕರು ಲ್ಯಾಟಿನ್‌ನಲ್ಲಿ ಹಾಡಿ ಜನ ಸುಮ್ಮನೆ ಕೇಳುವ ಜಾಗದಲ್ಲಿ, ಸಭೆಯವರೆಲ್ಲ ತಮ್ಮ ಭಾಷೆಯಲ್ಲೇ ದನಿ ಸೇರಿಸುವ ಪದ್ಧತಿ ಗಟ್ಟಿಯಾಗಿ ನೆಲೆಸಿತು. ಲೂಥರ್ ತಾನೇ ಹಾಡು ಬರೆದವನು. ಹೀಗಾಗಿ ಮೇಷ್ಟ್ರು, ವಿಧವೆ, ಗಣಿ ಕೆಲಸಗಾರ ಯಾರ ಬಾಯಲ್ಲಾದರೂ ಉಳಿಯುವ ಹಾಡನ್ನು ಒಬ್ಬ ಬೇಕರಿಯವನು ಬರೆಯುವುದಕ್ಕೆ ದಾರಿ ಇತ್ತು.

ಹದಿಮೂರು ಪದ್ಯ. ಪ್ರತಿಯೊಂದೂ ಆ ಎರಡು ಪದಗಳಿಂದಲೇ ಶುರು. ಒಂದು ಪದ್ಯದಲ್ಲಿ ಕ್ಷಣಿಕ ಮೊದಲು, ಪೊಳ್ಳು ಆಮೇಲೆ. ಮುಂದಿನದರಲ್ಲಿ ಅದಲು ಬದಲು. ಆ ಉದ್ಗಾರದ ನಂತರ ಮನುಷ್ಯನ ಒಂದೊಂದು ಆಸ್ತಿಯ ಹೆಸರು ಬರುತ್ತೆ. ಬದುಕು, ದಿನಗಳು, ಸಂತೋಷ, ಚೆಲುವು, ಬಲ, ಅದೃಷ್ಟ, ಮರ್ಯಾದೆ, ವಿದ್ಯೆ, ಕವಿತೆ, ಸಂಪತ್ತು, ಅಧಿಕಾರ, ವೈಭವ, ಕೊನೆಗೆ ಎಲ್ಲವೂ. ಬೇಕರಿ ಮುಚ್ಚುವಾಗ ಗೋಡೌನಿನಲ್ಲಿ ನಿಂತು ಸ್ಟಾಕ್ ಲೆಕ್ಕ ಬರೆದ ಹಾಗಿದೆ. ಒಂದೊಂದೇ ಐಟಮ್ಮಿನ ಮುಂದೆ 'ಇಲ್ಲ' ಅಂತ ಗುರುತು.

ಶುರುವಿನ ಪದ್ಯಗಳ ಹೋಲಿಕೆಗಳು ಹಳೆಯವು. ಮಂಜು ಎದ್ದು ಕರಗುತ್ತೆ, ಹೊಳೆ ನಿಲ್ಲದೆ ಹರಿಯುತ್ತೆ, ಬಿರುಗಾಳಿಗೆ ಹೂವು ಬಾಡುತ್ತೆ. ಯಾರು ಬೇಕಾದರೂ ಬರೆಯಬಹುದಾದದ್ದು. ಅದೇ ಕಾಲದ ದೊಡ್ಡ ಕವಿ ಆಂಡ್ರೆಯಾಸ್ ಗ್ರಿಫಿಯುಸ್ ಇದೇ ವಿಷಯದ ಮೇಲೆ ಇದಕ್ಕಿಂತ ಬಿಗಿಯಾಗಿ ಬರೆದಿದ್ದಾನೆ. ಡಚ್ ಚಿತ್ರಕಾರರು ತಲೆಬುರುಡೆ, ಆರಿದ ಮೇಣದ ಬತ್ತಿ ಇಟ್ಟು ಇದನ್ನೇ ಬಿಡಿಸಿ ಮಾರುತ್ತಿದ್ದರು. ಬದುಕು ನಶ್ವರ ಅನ್ನೋದು ಆಗ ಒಂದು ಫ್ಯಾಷನ್ನೂ ಆಗಿತ್ತು ಅಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಆದರೆ ಐದನೇ ಪದ್ಯಕ್ಕೆ ಬಂದಾಗ ನಾನು ನಿಂತುಬಿಟ್ಟೆ. ಅಲ್ಲೊಬ್ಬ ಬಲಶಾಲಿ. ಸಿಂಹದ ಹಾಗಿದ್ದವನು, ರಾಕ್ಷಸರ ಜೊತೆ ಸೆಣಸಿದವನು. ಅವನನ್ನು ಕೆಡವೋದು ಏನು ಗೊತ್ತಾ? ಒಂದು ಸಣ್ಣ ಗಂಟು. ಮೈಮೇಲೆ ಏಳುವ ಬಾವು. ಪ್ಲೇಗು ಕಂಡ ಸೀಮೆಯ ಜನಕ್ಕೆ ಆ ಪದ ಕೇಳಿದಾಗ ಕಂಕುಳು, ತೊಡೆಸಂದಿಗೆ ಕೈ ಹೋಗಿರಬೇಕು. ಸಂಪತ್ತಿನ ಪದ್ಯದಲ್ಲಿ ಬೆಂಕಿಯೂ ಪ್ರವಾಹವೂ ಬರುತ್ತವೆ, ನಮಗೆ ಗೊತ್ತಾಗುವಷ್ಟರಲ್ಲಿ ಎಲ್ಲವೂ ಅವಶೇಷ. ಇದು ಪುಸ್ತಕ ಓದಿ ಬಂದ ವೈರಾಗ್ಯ ಅಲ್ಲ ಅಂತ ನನಗನ್ನಿಸೋದು ಇಂಥ ಕಡೆ. ಮರ್ಯಾದೆಯ ಪದ್ಯ ಇನ್ನೂ ಮಜವಾಗಿದೆ. ಇವತ್ತು ಯಾರ ಕೈಗೆ ವಿನಯದಿಂದ ಮುತ್ತಿಡಬೇಕೋ, ನಾಳೆ ಅವನನ್ನೇ ತುಳಿದುಕೊಂಡು ಹೋಗುತ್ತಾರೆ ಅನ್ನುತ್ತಾನೆ. ಲೇಆಫ್ ಆದ ಮ್ಯಾನೇಜರ್ ಒಬ್ಬರ ಫೇರ್‌ವೆಲ್ ಕಾಲಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಇದು ಚರ್ಚಿನ ಹಾಡು, ಆದರೆ ದೇವರು ಬರೋದು ಹದಿಮೂರನೇ ಪದ್ಯದ ಕಟ್ಟಕಡೆಯ ಸಾಲಿನಲ್ಲಿ. ಅದಕ್ಕೆ ಮುಂಚೆ ಹನ್ನೆರಡನೆಯದರಲ್ಲಿ ಆ ಪದ ಒಮ್ಮೆ ಬರುತ್ತೆ, ಆದರೆ ಅಲ್ಲಿ ಇರೋದು ರಾಜವಸ್ತ್ರ ತೊಟ್ಟು ದೇವರ ಹಾಗೆ ಕೂತಿದ್ದ ದೊರೆ. ಸತ್ತ ಮೇಲೆ ಅವನನ್ನು ಜನ ಮರೆಯುತ್ತಾರೆ. ಅಲ್ಲಿಯವರೆಗೆ ಸಮಾಧಾನದ ಒಂದು ಮಾತೂ ಇಲ್ಲ. ದೇವರಿಗೆ ಅಂಜಿ ನಡೆಯುವವನು ಮಾತ್ರ ನಿಲ್ಲುತ್ತಾನೆ ಅಂತ ಕೊನೆಗೆ ಒಂದೇ ಸಾಲು ಹೇಳಿ ಕೈತೊಳೆದುಕೊಳ್ಳುತ್ತಾನೆ. ನಂಬುವವರಿಗೆ ಆ ಒಂದು ಸಾಲು ಸಾಕು. ನನ್ನಂಥ ಅರೆನಂಬಿಕೆಯವರಿಗೆ ಹಿಂದಿನ ಹನ್ನೆರಡು ಪದ್ಯಗಳ ಭಾರವೇ ಹೆಚ್ಚು.

ಕನ್ನಡದವರಿಗೆ ಇದೆಲ್ಲ ಕೇಳಿದಾಗ ದಾಸರ ಪದಗಳು ನೆನಪಾಗದೆ ಇರಲ್ಲ. ಹಾಗೆ ನೆನಪಾದದ್ದು ನಮಗೆ ಮಾತ್ರ ಅಂತಲೂ ಅನ್ನಿಸಲ್ಲ. ಮಂಗಳೂರಿಗೆ ಬಾಸೆಲ್ ಮಿಷನ್ ಕಡೆಯಿಂದ ಬಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯ ವ್ಯುರ್ಟೆಂಬರ್ಗ್‌ನವರು, ಲೂಥರನ್ ಹಾಡುಗಳ ನಡುವೆ ಬೆಳೆದವರು. 'ಮಂಗಳೂರು ಸಮಾಚಾರ' ಪತ್ರಿಕೆ ಹೊರಡಿಸಿದ ಅದೇ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಮತ ಪ್ರಚಾರಕ್ಕೆ ಬಂದ ಪಾದ್ರಿ ವಿಠಲನ ಪದಗಳನ್ನು ಯಾಕೆ ಅಷ್ಟು ಶ್ರದ್ಧೆಯಿಂದ ಕೂಡಿಹಾಕಿದರು ಅನ್ನೋದಕ್ಕೆ ಭಾಷಾ ಪ್ರೀತಿ, ಜನರನ್ನು ಅರಿಯುವ ಅಗತ್ಯ ಅಂತೆಲ್ಲ ಕಾರಣ ಕೊಡಬಹುದು. ಈ ದನಿ ತನ್ನ ಊರಿನ ಚರ್ಚಿನಲ್ಲಿ ಕೇಳಿದ್ದೇ ಅನ್ನೋ ಪರಿಚಯವೂ ಅದರಲ್ಲಿ ಒಂದಿಷ್ಟು ಇದ್ದಿರಬೇಕು ಅಂತ ನನ್ನ ಊಹೆ.

ಆದರೂ ಒಂದು ವ್ಯತ್ಯಾಸ ಇದೆ. ಪುರಂದರದಾಸರ ಬಗ್ಗೆ ನಾವು ಕೇಳುತ್ತ ಬೆಳೆದ ಕತೆಯಲ್ಲಿ ಜಿಪುಣ ವ್ಯಾಪಾರಿಗೆ ಕಣ್ಣು ತೆರೆಯುತ್ತೆ, ಅವನೇ ತನ್ನ ಸಂಪತ್ತನ್ನೆಲ್ಲ ಕೊಟ್ಟುಬಿಡುತ್ತಾನೆ. ಫ್ರಾಂಕ್ ಏನನ್ನೂ ಕೊಡಲಿಲ್ಲ, ಅವನಿಂದ ಕಿತ್ತುಕೊಂಡರು. ಬಿಟ್ಟವನ ಹಾಡಿನಲ್ಲಿ ಒಂದು ಹಗುರ ಇರುತ್ತೆ. ಕಳೆದುಕೊಂಡವನ ಹಾಡಿನಲ್ಲಿ ಏನೇನು ಹೋಯಿತು ಅನ್ನೋ ಪಟ್ಟಿ ಇರುತ್ತೆ. ಫ್ರಾಂಕ್‌ನ ಹಾಡನ್ನು ವೈರಾಗ್ಯದ ಹಾಡು ಅಂತ ಕರೆಯುವಾಗ ನನಗೆ ಸ್ವಲ್ಪ ಮುಜುಗರವಾಗೋದು ಇದಕ್ಕೇ.

ಅದಕ್ಕೆ ಅವನ ಬದುಕಿನಲ್ಲೇ ಸಾಕ್ಷಿ ಇದೆ. ಹಾಡಿನ ಒಂಬತ್ತನೇ ಪದ್ಯ ಕವಿತೆ ಕಲೆಗಳ ಬಗ್ಗೆ ಇದೆ ಅಂದೆನಲ್ಲ. ಕಲೆಯನ್ನು ಪ್ರೀತಿಸಿ ಎಷ್ಟೋ ಚೆಂದದ ಕೃತಿ ಕಟ್ಟಿದವನೂ ಸಾವಿನ ಕೈಗೆ ಸಿಕ್ಕೇ ಸಿಗುತ್ತಾನೆ ಅಂತ ಅಲ್ಲಿ ಹೇಳುತ್ತಾನೆ. ಏಳು ವರ್ಷ ಕಳೆದು 1659ರಲ್ಲಿ ಹ್ಯಾಂಬರ್ಗ್ ಹತ್ತಿರದ ವೇಡೆಲ್‌ನ ಪಾದ್ರಿ, ಕವಿ ಯೊಹಾನ್ ರಿಸ್ಟ್ ಈ ಮೇಷ್ಟ್ರಿಗೆ ಕವಿ ಪಟ್ಟ ಕಟ್ಟಿದ. ಚಕ್ರವರ್ತಿಯ ಹೆಸರಲ್ಲಿ ಹಾಗೆ ಪಟ್ಟ ಕಟ್ಟುವ ಅಧಿಕಾರ ರಿಸ್ಟ್‌ಗೆ ಇತ್ತು. ತನ್ನದೇ ಸಾಹಿತ್ಯ ಕೂಟಕ್ಕೂ ಸೇರಿಸಿಕೊಂಡ. ಎಲ್ಬೆ ನದಿಯ ಹಂಸಗಳ ಕೂಟ ಅಂತ ಅದರ ಹೆಸರು. ಕವಿತೆ ಪೊಳ್ಳು ಅಂದವನು ಕವಿ ಪಟ್ಟ ಬೇಡ ಅನ್ನಲಿಲ್ಲ. ಕೆಲವರಿಗೆ ಇದು ಆಷಾಢಭೂತಿತನ ಅನ್ನಿಸಬಹುದು. ನನಗೆ ಅವನ ಮೇಲೆ ಪ್ರೀತಿ ಬಂದದ್ದೇ ಇಲ್ಲಿ. ಒಮ್ಮೆ ಮನೆಮಠ ಕಳೆದುಕೊಂಡ ಮನುಷ್ಯ ಮತ್ತೆ ಕೆಲಸ ಹುಡುಕುತ್ತಾನೆ, ಮತ್ತೆ ಬರೆಯುತ್ತಾನೆ, ಯಾರಾದರೂ ಭೇಷ್ ಅಂದರೆ ಖುಷಿಪಡುತ್ತಾನೆ. ಶಾಂತಿ ಒಪ್ಪಂದವಾಗಿ ನಾಲ್ಕೇ ವರ್ಷಕ್ಕೆ, ಜನ ಮತ್ತೆ ಮನೆ ಕಟ್ಟಿ ಗದ್ದೆ ಉಳತೊಡಗಿದ ಹೊತ್ತಿಗೆ ಈ ಪುಸ್ತಕ ಬಂತು ಅನ್ನೋದನ್ನೂ ಮರೆಯಬಾರದು. ಕಟ್ಟಬೇಡಿ ಅಂತ ಹಾಡಿನಲ್ಲಿ ಎಲ್ಲೂ ಇಲ್ಲ.

1661ರಲ್ಲಿ ಬರ್ಲಿನ್ನಿನ ಯೊಹಾನ್ ಕ್ರ್ಯೂಗರ್ ರಾಗವನ್ನು ಸ್ವಲ್ಪ ತಿದ್ದಿ ತನ್ನ ಜನಪ್ರಿಯ ಹಾಡಿನ ಪುಸ್ತಕಕ್ಕೆ ಸೇರಿಸಿದ. ಅಲ್ಲಿಂದ ಅದು ಊರೂರಿಗೆ ಹರಡಿತು. ತೂರಿಂಗಿಯಾ ಕಾಡಿನ ಇನ್ನೊಂದು ಕಡೆಯ ಐಸೆನಾಖ್‌ನಲ್ಲಿ ಹುಟ್ಟಿದ ಬಾಖ್‌ನ ಕೈಗೂ ಬಂತು.

1724ರ ನವೆಂಬರ್ 19, ಭಾನುವಾರ. ಆ ವರ್ಷ ಬಾಖ್ ಲೈಪ್‌ಜಿಗ್‌ನಲ್ಲಿ ವಾರಕ್ಕೊಂದು ಹೊಸ ಕಂಟಾಟಾ ಬರೆಯುವ ಹುಚ್ಚು ಡೆಡ್‌ಲೈನಿನಲ್ಲಿದ್ದ. ಆ ಭಾನುವಾರ ಓದುವ ಬೈಬಲ್ ಭಾಗ ಸತ್ತ ಹುಡುಗಿಯೊಬ್ಬಳನ್ನು ಯೇಸು ಕೈ ಹಿಡಿದು ಎಬ್ಬಿಸುವ ಕತೆ. ಅದಕ್ಕೆ ಬಾಖ್ ಜೋಡಿಸಿದ್ದು ಫ್ರಾಂಕ್‌ನ ಹಾಡು. ಮೊದಲ ಮತ್ತು ಕೊನೆಯ ಪದ್ಯ ಇದ್ದ ಹಾಗೇ ಉಳಿದವು, ನಡುವಿನ ಹನ್ನೊಂದನ್ನು ಯಾರೋ ಅನಾಮಿಕರು ನಾಲ್ಕು ಭಾಗಗಳಾಗಿ ತಿರುಗಿಸಿ ಬರೆದರು. ಇಂಥ ಮಾತಿಗೆ ನಿಧಾನದ, ಅಳುವ ಸಂಗೀತ ಇರುತ್ತೆ ಅಂದುಕೊಂಡು ಕೇಳಲು ಕೂತರೆ ಆಶ್ಚರ್ಯ ಕಾದಿರುತ್ತೆ. ವಯೊಲಿನ್ನು, ಕೊಳಲು, ಓಬೋಗಳೆಲ್ಲ ಸ್ವರಗಳ ಏಣಿಯ ಮೇಲೆ ಹತ್ತಿ ಇಳಿದು ಓಡುತ್ತವೆ. ಮೇಲಿನ ದನಿ ಫ್ರಾಂಕ್‌ನ ರಾಗವನ್ನು ಉದ್ದುದ್ದ ಸ್ವರಗಳಲ್ಲಿ ಹಾಡುತ್ತೆ, ಕೆಳಗೆ ಉಳಿದವೆಲ್ಲ ಹಿಡಿಯೋಕೆ ಸಿಗದೆ ಜಾರುತ್ತವೆ. ಎರಡನೇ ಭಾಗದಲ್ಲಿ ಕೊಳಲು, ವಯೊಲಿನ್ ಮತ್ತು ಟೆನರ್ ದನಿ ಧುಮುಕುವ ನೀರಿನ ಹಾಗೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಆಸ್ತಿಪಾಸ್ತಿಯ ಮೋಹದ ಬಗ್ಗೆ ಹೇಳುವ ನಾಲ್ಕನೆಯದಕ್ಕೆ ಮೂರು ಓಬೋಗಳ ಜೊತೆ ಹೆಚ್ಚುಕಡಿಮೆ ಕುಣಿತದ ಲಯ.

ಬಾಖ್‌ಗೆ ಸಾವಿನ ಪರಿಚಯ ಹೊಸದಲ್ಲ. ಹತ್ತು ವರ್ಷದೊಳಗೆ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡವನು. 1720ರಲ್ಲಿ ತನ್ನ ರಾಜಕುಮಾರನ ಜೊತೆ ಕಾರ್ಲ್ಸ್‌ಬಾಡ್‌ಗೆ ಹೋದಾಗ ಹೆಂಡತಿ ಮರಿಯಾ ಬಾರ್ಬರಾ ಆರೋಗ್ಯವಾಗಿದ್ದಳು. ವಾಪಸ್ ಬರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು. 20 ಮಕ್ಕಳಲ್ಲಿ ದೊಡ್ಡವರಾಗಿ ಉಳಿದವರು ಹತ್ತೇ ಮಂದಿ. ಹಾಗಾಗಿ ಈ ಕಂಟಾಟಾದಲ್ಲಿ ಅವನ ಸ್ವಂತ ದುಃಖ ಹುಡುಕುವ ಆಸೆ ನಮಗಾಗುತ್ತೆ. ನನಗೂ ಆಗಿತ್ತು. ಆದರೆ ಇದೇ ರಾಗಕ್ಕೆ ಅವನು ಇದಕ್ಕೂ ಮುಂಚೆ, ಮರಿಯಾ ಬಾರ್ಬರಾ ಬದುಕಿದ್ದಾಗಲೇ, ವೈಮಾರ್‌ನಲ್ಲಿ ಆರ್ಗನ್ನಿಗಾಗಿ ಒಂದು ಪುಟ್ಟ ರಚನೆ ಮಾಡಿದ್ದ. ಅಲ್ಲೂ ಕೈಗಳು ಅದೇ ಏಣಿಯ ಮೇಲೆ ಹತ್ತಿ ಇಳಿದು ಓಡುತ್ತವೆ, ಕಾಲಿನ ಸ್ವರಗಳು ನಡುನಡುವೆ ನಿಂತುಬಿಡುತ್ತವೆ. ಸುಮಾರು ಒಂದು ನಿಮಿಷದಲ್ಲಿ ಮುಗಿದುಹೋಗುತ್ತೆ. ಅವನು ಓದಿದ್ದು ಪದವನ್ನು, ಓಡುವುದು ಅನ್ನೋ ಪದವನ್ನು.

ಆ ಪುಟ್ಟ ರಚನೆ ಇರುವ ಪುಸ್ತಕ 'ಆರ್ಗೆಲ್‌ಬ್ಯುಖ್‌ಲೈನ್'. ಬಾಖ್‌ನ ಕೈಬರಹದ ಪ್ರತಿ ಈಗ ಬರ್ಲಿನ್ ಗ್ರಂಥಾಲಯದಲ್ಲಿದೆ. 164 ಹಾಡುಗಳಿಗೆ ಜಾಗ ಬಿಟ್ಟು, ಪುಟಪುಟಕ್ಕೂ ಹೆಸರು ಬರೆದು ಶುರು ಮಾಡಿದ ಪುಸ್ತಕ ಅದು. ಪೂರ್ತಿಯಾದದ್ದು 46 ಮಾತ್ರ. ಅವುಗಳಲ್ಲಿ ಕಟ್ಟಕಡೆಯದು ಶ್ಲಾಯ್ಸಿಂಗೆನ್‌ನ ಬೇಕರಿಯವನ ಹಾಡು. ಅದಾದ ಮೇಲೂ ಕೆಲವು ಹಾಡುಗಳ ಹೆಸರಿವೆ, ಕೆಳಗೆ ಸ್ವರಗಳಿಲ್ಲ.